ರೋಜರ್ ಗಿಬ್ಸನ್ ಹಾಕಿಕೊಟ್ಟ ದಾರಿಯಲ್ಲಿ ಸೂಪರ್‌ಬರ್ಡ್ ರಿಸ್ಟೋರೇಶನ್: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ

ದೊಡ್ಡ ಎಂಜಿನ್ನಿನ ಹಳೆಯ ಅಮೆರಿಕನ್ ಮಸಲ್ ಕಾರನ್ನು ಹೊಸದಕ್ಕಿಂತ ಹೊಸದಾಗಿ ಮಾಡಿಕೊಡುವ ವರ್ಕ್‌ಶಾಪುಗಳು ಬೇಕಾದಷ್ಟಿವೆ. ಕಾರ್ಖಾನೆಯ ಗೇಟು ದಾಟಿದ ದಿನ ಕಾರು ಹೇಗಿತ್ತೋ ಹಾಗೆ, ಅವಸರದ ಬಣ್ಣ ಮತ್ತು ಓರೆಕೋರೆ ಸಂದುಗಳ ಸಮೇತ ಮತ್ತೆ ಕಟ್ಟಿಕೊಡುವವರು ಕಡಿಮೆ. ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ, ಅಭಿಮಾನಿಗಳ ಮಾತಿನಲ್ಲಿ ಹೇಳುವುದಾದರೆ ಮೋಪಾರ್‌ಗಳಲ್ಲಿ, ಈ ‘ಫ್ಯಾಕ್ಟರಿ ಕರೆಕ್ಟ್’ ಕೆಲಸದ ಮಾತು ಬಂದಾಗ ಮೊದಲು ಕೇಳಿಬರುವ ಹೆಸರುಗಳಲ್ಲಿ ಮಿಸೌರಿ ರಾಜ್ಯದ ಕೆಲ್ಸೋ ಎಂಬ ಪುಟ್ಟ ಊರಿನ ರೋಜರ್ ಗಿಬ್ಸನ್ ಅವರದೂ ಒಂದು. ಹೆಮಿ (ಅರ್ಧಗೋಳದ ದಹನಕೋಣೆಯ) ಎಂಜಿನ್ನಿನ ಕಾರುಗಳು, ಹಿಂದೆ ಎತ್ತರದ ರೆಕ್ಕೆಯಿರುವ ಕಾರುಗಳು ಅವರ ಕೈಯಲ್ಲಿ ಹೇಗೆ ಹೊರಬಂದವು ಎಂಬುದೇ ಉಳಿದವರಿಗೆ ಅಳತೆಗೋಲಾಯಿತು. ಆ ಪದ್ಧತಿ ಇವತ್ತು ಬೇರೆ ಬೇರೆ ವರ್ಕ್‌ಶಾಪುಗಳಲ್ಲಿ ಸೇವೆಯಾಗಿ ಸಿಗುತ್ತದೆ. ಈ ವಿಮರ್ಶೆ ಆ ಸೇವೆಯದು. ಪರೀಕ್ಷೆಗೆ ಆರಿಸಿಕೊಂಡದ್ದು ಕ್ರೈಸ್ಲರ್‌ನ ಪ್ಲಿಮತ್ ಬ್ರ್ಯಾಂಡಿನ 1970ರ ಸೂಪರ್‌ಬರ್ಡ್. ರಿಸ್ಟೋರರ್ ಎಲ್ಲೆಲ್ಲಿ ಎಡವಬಹುದೋ ಅಷ್ಟೂ ಜಾಗ ಈ ಒಂದೇ ಕಾರಿನಲ್ಲಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೂಲ ಎಂಜಿನ್, ಮೂಲ ತಗಡು, ಕಾಗದಪತ್ರ ಇರುವ ಕಾರಿಗೆ ಈ ಸೇವೆ ಕೊಟ್ಟ ಬೆಲೆಗೆ ತಕ್ಕದ್ದು. ವಾರಾಂತ್ಯಕ್ಕೆ ಓಡಿಸಲು ಕಾರು ಬೇಕೆನ್ನುವವರಿಗೆ ಅಲ್ಲ. ಮೂಲ ತಗಡು ಅರ್ಧ ಹೋಗಿರುವ ಕಾರಿಗೆ ಇದನ್ನು ಮಾಡಿಸುವುದು ದುಡ್ಡು ದಂಡ.

ಸೂಪರ್‌ಬರ್ಡ್ ಹುಟ್ಟಿದ್ದೇ ಅಮೆರಿಕದ ನಾಸ್ಕರ್ ಕಾರ್ ರೇಸಿಗೆ. ಫೋರ್ಡ್‌ಗೆ ಹೋಗಿದ್ದ ರೇಸ್ ಚಾಲಕ ರಿಚರ್ಡ್ ಪೆಟ್ಟಿಯನ್ನು ಪ್ಲಿಮತ್‌ಗೆ ವಾಪಸು ಕರೆತಂದ ಕಾರು ಇದು. 1970ರ ಡೇಟೋನಾ 500 ರೇಸನ್ನು ಪೀಟ್ ಹ್ಯಾಮಿಲ್ಟನ್ ಗೆದ್ದದ್ದು ಇದರಲ್ಲೇ. ರೇಸಿಗೆ ಇಳಿಸಬೇಕಾದರೆ ಅದೇ ಕಾರನ್ನು ಸಾರ್ವಜನಿಕರಿಗೂ ಮಾರಬೇಕೆಂಬ ನಿಯಮ ಇದ್ದದ್ದರಿಂದ ಸುಮಾರು 1,900ಕ್ಕೂ ಹೆಚ್ಚು ಕಾರುಗಳನ್ನು ಡೆಟ್ರಾಯಿಟ್‌ನ ಲಿಂಚ್ ರೋಡ್ ಕಾರ್ಖಾನೆಯಲ್ಲಿ ಅವಸರವಸರವಾಗಿ ಕಟ್ಟಿದರು. ಉದ್ದ ಮೂಗು, ಎತ್ತರದ ರೆಕ್ಕೆ ಅಂದಿನ ಗಿರಾಕಿಗಳಿಗೆ ಹಿಡಿಸಲಿಲ್ಲ. ಎಷ್ಟೋ ಕಾರುಗಳು ಡೀಲರ್‌ಗಳ ಅಂಗಳದಲ್ಲೇ ಕೊಳೆತವು, ಕೆಲವನ್ನು ಮೂಗು ರೆಕ್ಕೆ ಬಿಚ್ಚಿ, ಸೂಪರ್‌ಬರ್ಡ್‌ಗೆ ಮೂಲವಾದ ಸಾದಾ ರೋಡ್ ರನ್ನರ್ ಮಾಡಿ ಮಾರಿದರು. ಈ ಅವಸರ ಮತ್ತು ಈ ಬಿಚ್ಚಾಟ, ಎರಡೂ ರಿಸ್ಟೋರರ್‌ಗೆ ತಲೆನೋವು.

ಒಳ್ಳೆಯ ವರ್ಕ್‌ಶಾಪು ಸ್ಪ್ಯಾನರ್ ಹಿಡಿಯುವ ಮೊದಲು ಕಾರಿನ ಜಾತಕ ನೋಡುತ್ತದೆ. ಕಾರಿನ ಗುರುತಿನ ಸಂಖ್ಯೆ, ಅಂದರೆ ವಿಐಎನ್, ಆರ್‌ಎಂ23 ಎಂದು ಶುರುವಾಗಬೇಕು. ಅದರ ನಂತರದ ಅಕ್ಷರ ಎಂಜಿನ್ನಿನದು: ಯು ಎಂದರೆ ನಾಲ್ಕು ಬಾಯಿಯ ಒಂದು ಕಾರ್ಬ್ಯುರೇಟರ್ ಇರುವ 440 ಘನ ಅಂಗುಲದ ಎಂಜಿನ್, ವಿ ಎಂದರೆ ಎರಡು ಬಾಯಿಯ ಮೂರು ಕಾರ್ಬ್ಯುರೇಟರ್ ಇರುವ 440, ಆರ್ ಎಂದರೆ 426 ಹೆಮಿ. ಆಮೇಲೆ 1970ಕ್ಕೆ 0, ಲಿಂಚ್ ರೋಡ್‌ಗೆ ಎ. ಇಲ್ಲೊಂದು ಸೂಕ್ಷ್ಮವಿದೆ. ಸಾದಾ ರೋಡ್ ರನ್ನರ್ ಹಾರ್ಡ್‌ಟಾಪ್‌ನ ವಿಐಎನ್ ಕೂಡ ಆರ್‌ಎಂ23 ಎಂದೇ ಶುರುವಾಗುತ್ತದೆ. ಆದ್ದರಿಂದ ಅದಕ್ಕೆ ನಕಲಿ ಮೂಗು, ನಕಲಿ ರೆಕ್ಕೆ ಕೂರಿಸಿ ‘ಸೂಪರ್‌ಬರ್ಡ್’ ಎಂದು ಮಾರುವವನನ್ನು ವಿಐಎನ್ ಒಂದರಿಂದಲೇ ಹಿಡಿಯಲು ಆಗುವುದಿಲ್ಲ. ಬಾನೆಟ್ ಕೆಳಗೆ, ಚಾಲಕನ ಬದಿಯ ಒಳ ಫೆಂಡರ್ ಮೇಲಿನ ಪುಟ್ಟ ತಗಡಿನ ಪಟ್ಟಿಯಲ್ಲಿ ಎ13 ಎಂಬ ಕೋಡ್ ಇದೆಯೇ ನೋಡಬೇಕು. ಆ ಪಟ್ಟಿಯೂ ನಕಲಿ ಸಿಗುತ್ತದೆ. ಹಾಗಾಗಿ ರೇಡಿಯೇಟರ್ ಹಿಡಿದಿರುವ ಮೇಲಿನ ಅಡ್ಡಪಟ್ಟಿ, ಡಿಕ್ಕಿಯ ರಬ್ಬರ್ ಕೆಳಗಿನ ಅಂಚು, ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್ ಇಷ್ಟರ ಮೇಲೂ ಒತ್ತಿದ ಅಂಕಿಗಳನ್ನು ವಿಐಎನ್‌ನ ಕೊನೆಯ ಅಂಕಿಗಳ ಜೊತೆ ಹೋಲಿಸಬೇಕು. ಕಾರಿಗೆ ಏನೇನು ಜೋಡಿಸಬೇಕೆಂದು ಬರೆದ ಕಾರ್ಖಾನೆಯ ಬ್ರಾಡ್‌ಕಾಸ್ಟ್ ಶೀಟ್ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುವುದುಂಟು. ಗ್ಲೋವ್ ಬಾಕ್ಸ್ ಮೇಲ್ಗಡೆ, ಕಾರ್ಪೆಟ್ ಅಡಿಯಲ್ಲೂ ಸಿಗುತ್ತದೆ. ಇಲಿ ಕಚ್ಚಿ ಚಿಂದಿಯಾಗಿದ್ದರೂ ಅದನ್ನು ಬಿಸಾಡದ ವರ್ಕ್‌ಶಾಪನ್ನು ನಂಬಬಹುದು.

ಬಿಚ್ಚುವಾಗಿನ ಶಿಸ್ತಿನಲ್ಲೇ ಈ ಪದ್ಧತಿಯ ಅರ್ಧ ಬೆಲೆ ಅಡಗಿದೆ. ಮಣ್ಣು, ಗ್ರೀಸು ತೊಳೆಯುವ ಮೊದಲೇ ಅಡಿಭಾಗದ ಫೋಟೊ ತೆಗೆಯಬೇಕು. ಕಾರ್ಖಾನೆಯ ಪರಿಶೀಲಕರು ಸ್ಟಿಯರಿಂಗ್ ಬಾಕ್ಸ್, ಹಿಂದಿನ ಆಕ್ಸಲ್, ಡ್ರೈವ್‌ಶಾಫ್ಟ್, ಟಾರ್ಷನ್ ಬಾರ್‌ಗಳ ಮೇಲೆ ಬಣ್ಣದ ಪಟ್ಟಿ, ಬಳಪದ ಗೀಟು, ಕುಂಚದ ಒಂದು ಬೊಟ್ಟು ಬಿಟ್ಟಿರುತ್ತಾರೆ. ಗ್ರೀಸ್ ಪದರ ಅವನ್ನು 50 ವರ್ಷ ಕಾಪಾಡಿರುತ್ತದೆ, ಪ್ರೆಶರ್ ವಾಷರ್ ಅರೆಗಳಿಗೆಯಲ್ಲಿ ಅಳಿಸಿಬಿಡುತ್ತದೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತಾ, ಪದರ ಪದರಕ್ಕೂ ಫೋಟೊ ಹಿಡಿಯುತ್ತಾ ಹೋಗಬೇಕು. ಗುರುತುಗಳನ್ನು ಕಾಣದೆ, ಪುಸ್ತಕ ನೋಡಿ ಎಲ್ಲ ಕಾರಿಗೂ ಒಂದೇ ನಮೂನೆಯ ಬೊಟ್ಟಿಡುವ ವರ್ಕ್‌ಶಾಪುಗಳೂ ಇವೆ. ಅಂಥ ಕಡೆ ಎರಡು ಕಾರುಗಳ ಅಡಿಭಾಗದ ಫೋಟೊ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ, ಬೊಟ್ಟುಗಳು ಅಚ್ಚೊತ್ತಿದಂತೆ ಒಂದೇ ಕಡೆ ಇರುತ್ತವೆ.

ಅಡಿಭಾಗದ ಬಣ್ಣವೂ ಇಷ್ಟೇ ನಾಜೂಕು. ಕಾರ್ಖಾನೆಯಲ್ಲಿ ಬಾಡಿಯ ಕೆಳಭಾಗಕ್ಕೆ ಪ್ರೈಮರ್ ಬೀಳುತ್ತಿತ್ತು, ಮೇಲ್ಬಣ್ಣ ಹೊಡೆಯುವವರು ಪಕ್ಕದಿಂದ ಹೊಡೆದಾಗ ಅದರ ಸಿಂಪಡಿಕೆ ಅಂಚಿನಿಂದ ಒಳಕ್ಕೆ ಹೋಗುತ್ತಾ ತೆಳುವಾಗಿ ಮಾಯವಾಗುತ್ತಿತ್ತು. ಪ್ರೈಮರ್ ಯಾವ ಛಾಯೆಯದು ಎಂಬುದನ್ನು ಪುಸ್ತಕ ಹೇಳಲಾರದು. ನೆಲದ ಮೇಲಿನ ಶಬ್ದ ತಡೆಯುವ ಡಾಂಬರಿನ ಹಾಳೆಯನ್ನು ಒಂದು ಮೂಲೆಯಲ್ಲಿ ಎಬ್ಬಿಸಿದರೆ ಆ ಕಾರಿನದೇ ಮೂಲ ಬಣ್ಣ ಸಿಗುತ್ತದೆ. ಇಡೀ ಅಡಿಭಾಗಕ್ಕೆ ಮೇಲಿನ ಬಣ್ಣವನ್ನೇ ಬಳಿದು ಹೊಳೆಯಿಸಿದ ಕಾರು ಫೋಟೊದಲ್ಲಿ ಚೆಂದ ಕಾಣುತ್ತದೆ. ತಿಳಿದವರ ಕಣ್ಣಿಗೆ ಅದು ಇತಿಹಾಸ ಒರೆಸಿಹಾಕಿದ ಕಾರು.

ಸೂಪರ್‌ಬರ್ಡ್‌ನ ನಿಜವಾದ ಪರೀಕ್ಷೆ ಚಾವಣಿಯಲ್ಲಿದೆ. ಗಾಳಿ ಸರಾಗವಾಗಿ ಹಾಯಲೆಂದು ಹಿಂಗಾಜಿನ ಸುತ್ತ ತಗಡಿನ ಒಂದು ತುಂಡನ್ನು ಬೆಸೆದು ಗಾಜಿನ ಕೋನ ಬದಲಿಸಿದರು. ಹಿಂದಿನ ವರ್ಷದ ಡಾಜ್ ಚಾರ್ಜರ್ ಡೇಟೋನಾದಲ್ಲಿ ಇಂಥದೇ ಬೆಸುಗೆಯನ್ನು ಕೈಯಿಂದ ನಯಗೊಳಿಸಿ ಬಣ್ಣ ಹೊಡೆಯಬೇಕಾಗಿತ್ತು, ಅದು 503 ಕಾರುಗಳ ಮಾತು. ಇಲ್ಲಿ ಸಂಖ್ಯೆ ಅದರ ಹೆಚ್ಚುಕಡಿಮೆ ನಾಲ್ಕು ಪಟ್ಟು. ಹಾಗಾಗಿ ಬೆಸುಗೆಯನ್ನು ಒರಟಾಗಿಯೇ ಬಿಟ್ಟು ಮೇಲೆ ಕರಿ ವಿನೈಲ್ ಅಂಟಿಸಿಬಿಟ್ಟರು. ಸೂಪರ್‌ಬರ್ಡ್‌ಗಳಿಗೆಲ್ಲ ಕರಿ ವಿನೈಲ್ ಚಾವಣಿ ಇರುವುದು ಇದಕ್ಕೇ. ಅರ್ಧಂಬರ್ಧ ಬೆಸುಗೆ, ಅದರ ಮೇಲೆ ನೀರು ಹಿಡಿಯುವ ಹೊದಿಕೆ, ಹೊಳೆಯುವ ಅಂಚುಪಟ್ಟಿ ಕೂರಿಸಲು ಅಲ್ಲಲ್ಲಿ ತೂತು: ತುಕ್ಕಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗಲಾರದು. ವಿನೈಲ್ ಮೇಲೆ ಬೆರಳಾಡಿಸಿದಾಗ ಗಾಜಿನ ಕೆಳಮೂಲೆಗಳಲ್ಲಿ ಅಕ್ಕಿಕಾಳಿನಂಥ ಗುಳ್ಳೆ ತಾಗಿದರೆ ಒಳಗೆ ತಗಡು ಆಗಲೇ ಜರಡಿಯಾಗಿದೆ ಎಂದುಕೊಳ್ಳಿ. ಅಲ್ಲಿಂದ ಇಳಿದ ನೀರು ಗಾಜು ಮತ್ತು ಡಿಕ್ಕಿ ನಡುವಿನ ಪಟ್ಟಿಯನ್ನು, ಆಮೇಲೆ ಡಿಕ್ಕಿಯ ನೆಲವನ್ನು ತಿನ್ನುತ್ತದೆ.

ಇಲ್ಲಿ ರಿಸ್ಟೋರರ್‌ನ ವಿವೇಕ ಬೇಕು. ಬೆಸುಗೆಯನ್ನು ಉಜ್ಜಿ ಕನ್ನಡಿ ಮಾಡಿದರೆ ಕಾರ್ಖಾನೆಯ ಗುರುತು ಹೋಯಿತು, ಹಾಗೇ ಬಿಟ್ಟರೆ ಐದಾರು ವರ್ಷಕ್ಕೆ ಮತ್ತೆ ತುಕ್ಕು. ನಮಗೆ ಸರಿ ಕಂಡ ಕ್ರಮ ಹೀಗೆ: ಕೊಳೆತ ತಗಡನ್ನಷ್ಟೇ ಕತ್ತರಿಸಿ ಅಷ್ಟೇ ದಪ್ಪದ ತುಂಡು ಬೆಸೆಯಬೇಕು, ಮೂಲ ಬೆಸುಗೆಯ ಏರಿಳಿತವನ್ನು ಮುಟ್ಟಬಾರದು, ಸಂದುಗಳಿಗೆ ಎಪಾಕ್ಸಿ ಪ್ರೈಮರ್ ಎರಡು ಕೋಟು ಹೊಡೆದು ಸೀಮ್ ಸೀಲರ್ ತುಂಬಬೇಕು, ಅಂಚುಪಟ್ಟಿಯ ಪ್ರತಿ ತೂತಿನ ಬಾಯಿಗೂ ಸೀಲರ್ ಹಚ್ಚಿದ ಮೇಲೇ ವಿನೈಲ್ ಅಂಟಿಸಬೇಕು. ವಿನೈಲ್‌ನ ಹೊಲಿಗೆ ಸಾಲು ಎರಡೂ ಬದಿಯಲ್ಲಿ ಸಮಾಂತರವಾಗಿ ಕೂತಿದೆಯೇ ಎಂದು ಅಂಟು ಒಣಗುವ ಮೊದಲೇ ದಾರ ಕಟ್ಟಿ ನೋಡುವುದು ಒಳ್ಳೆಯದು, ಆಮೇಲೆ ತಿದ್ದಲು ಬರುವುದಿಲ್ಲ. ಚಾವಣಿ ಬಿಚ್ಚಿದ ಹಂತದ ಫೋಟೊಗಳನ್ನು ಗಿರಾಕಿ ಕೇಳಿ ಪಡೆಯಲೇಬೇಕು, ವಿನೈಲ್ ಹೊದಿಸಿದ ಮೇಲೆ ಪುರಾವೆಯೆಲ್ಲ ಅದರಡಿ ಮುಚ್ಚಿಹೋಗಿರುತ್ತದೆ.

ಮೂಗಿನ ವಿಷಯವೂ ಇದೇ ಜಾತಿಯದು. ಮುಂದಿನ ಫೆಂಡರ್‌ಗಳು ಡಾಜ್ ಕರೊನೆಟ್‌ನವು, ಬಾನೆಟ್ಟೂ ಅದರದನ್ನೇ ತಿದ್ದಿದ್ದು, ಮೂಗು ಬೇರೆಯದೇ ಉಕ್ಕಿನ ಭಾಗ. ಮೂಗು ಮತ್ತು ಫೆಂಡರ್ ನಡುವಿನ ಸಂದು ಹೊಸ ಕಾರಿನಲ್ಲೇ ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲ ಇರುತ್ತಿತ್ತು, ಬಣ್ಣದ ಛಾಯೆಯೂ ಬಾಡಿಗೆ ಪೂರ್ತಿ ಹೊಂದುತ್ತಿರಲಿಲ್ಲ. ಸಂದುಗಳನ್ನು ಎಲ್ಲೆಡೆ ಮೂರು ಮಿಲಿಮೀಟರಿಗೆ ತಂದು ಬೀಗುವವರಿದ್ದಾರೆ. ಅದಕ್ಕಾಗಿ ಅಂಚುಗಳಿಗೆ ಬೆಸುಗೆಯ ಲೋಹ ಕಟ್ಟಿ ಅರೆದಿರುತ್ತಾರೆ, ಮೂಲ ಅಂಚು ವಾಪಸು ಬರುವುದಿಲ್ಲ. ಫ್ಯಾಕ್ಟರಿ ಕರೆಕ್ಟ್ ಕೆಲಸಕ್ಕೆ ಕೊಟ್ಟು ಇದನ್ನು ಪಡೆದರೆ ಹಣ ವಾಪಸು ಕೇಳುವ ಹಕ್ಕು ಗಿರಾಕಿಗಿದೆ ಎಂಬುದು ನಮ್ಮ ಅಭಿಪ್ರಾಯ.

ಬಣ್ಣ ಕೆರೆಯುವ ವಿಧಾನ ಕೇಳಿಯೇ ವರ್ಕ್‌ಶಾಪಿನ ಮಟ್ಟ ಅಳೆಯಬಹುದು. ಬಾನೆಟ್, ಡಿಕ್ಕಿ ಮುಚ್ಚಳ, ಬಾಗಿಲಿನಂಥ ಚಪ್ಪಟೆ ತಗಡಿಗೆ ಒರಟು ಮರಳು ಹೊಡೆದರೆ ತಗಡು ಹಿಗ್ಗಿ ಅಲೆಅಲೆಯಾಗುತ್ತದೆ, ಆಮೇಲೆ ಪುಟ್ಟಿ ತುಂಬದೆ ವಿಧಿಯಿಲ್ಲ. ಅಂಥ ಕಡೆ ಪ್ಲಾಸ್ಟಿಕ್ ಹರಳು ಅಥವಾ ಕೆಮಿಕಲ್ ಸ್ಟ್ರಿಪ್ಪರ್, ದಪ್ಪ ಚೌಕಟ್ಟಿಗೆ ಮರಳು ಸರಿ. ಸೋಡಾ ಹೊಡೆಸಿದರೆ ತಗಡು ಕೆಡುವುದಿಲ್ಲ, ಆದರೆ ಸಂದಿಯಲ್ಲಿ ಕೂತ ಪುಡಿಯನ್ನು ಪೂರ್ತಿ ತೊಳೆಯದಿದ್ದರೆ ಪ್ರೈಮರ್ ಹಿಡಿಯದೆ ಕೆಲವು ತಿಂಗಳಿಗೆ ಹಪ್ಪಳದಂತೆ ಏಳುತ್ತದೆ. ಇಡೀ ಬಾಡಿಯನ್ನು ಆ್ಯಸಿಡ್‌ನಲ್ಲಿ ಮುಳುಗಿಸುವವರಲ್ಲೂ ಇದೇ ಭಯ: ಎರಡು ತಗಡಿನ ನಡುವೆ ಉಳಿದ ಆ್ಯಸಿಡ್ ಹೊಸ ಬಣ್ಣದ ಮೇಲೆ ಕಂದು ಗೆರೆಯಾಗಿ ಇಳಿಯುತ್ತದೆ.

ಕ್ರೈಸ್ಲರ್ ಆಗ ಬಳಸುತ್ತಿದ್ದದ್ದು ಒಲೆಯಲ್ಲಿ ಬೇಯಿಸಿದ ಎನಾಮೆಲ್. ಅದರ ಮೇಲೆ ಕಿತ್ತಳೆ ಸಿಪ್ಪೆಯಂಥ ಸಣ್ಣ ತರಿ ಇರುತ್ತಿತ್ತು. ಈಗಿನ ಬಣ್ಣದ ಬೇಸ್‌ಕೋಟ್, ಅದರ ಮೇಲಿನ ಪಾರದರ್ಶಕ ಕ್ಲಿಯರ್‌ಕೋಟ್ ಜೋಡಿ ಆ ತರಿಯನ್ನು ನುಂಗಿ ಗಾಜಿನ ಹೊಳಪು ಕೊಡುತ್ತದೆ. ಲೆಮನ್ ಟ್ವಿಸ್ಟ್ ಹಳದಿ, ಟಾರ್ ರೆಡ್‌ನಂಥ ಮೆಟಾಲಿಕ್ ಅಲ್ಲದ ಬಣ್ಣಗಳಿಗೆ ಕ್ಲಿಯರ್‌ಕೋಟ್ ಬೇಡದ ಸಿಂಗಲ್ ಸ್ಟೇಜ್ ಯುರೇಥೇನ್ ಹೊಡೆದು, ಪಾಲಿಶ್ ಅತಿಯಾಗದಂತೆ ನಿಲ್ಲಿಸುವುದೇ ಮೂಲಕ್ಕೆ ಹತ್ತಿರ. ಪ್ರೈಮರ್ ಪೂರ್ತಿ ಗಟ್ಟಿಯಾಗುವ ಮೊದಲು ಬಣ್ಣ ಹೊಡೆದರೆ ಡೆಲಿವರಿ ದಿನ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಂದು ಬೇಸಿಗೆ ಕಳೆದ ಮೇಲೆ ವಾಟರ್ ಪೇಪರ್ ಉಜ್ಜಿದ ಗೀರುಗಳು ಮೇಲೆದ್ದು ಬರುತ್ತವೆ. ಆದ್ದರಿಂದ ಡೆಲಿವರಿಗೆ ಆತುರಪಡಿಸುವ ಗಿರಾಕಿಯೂ ತಪ್ಪಿಗೆ ಪಾಲುದಾರ. ಕಾರು ಕೈಸೇರುವ ಮೊದಲು ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದು ಪ್ರತಿ ಪ್ಯಾನೆಲ್‌ನ ಐದಾರು ಕಡೆ ನೋಡಿ. ಹೊಸ ಬಣ್ಣಕ್ಕೆ 5ರಿಂದ 10 ಮಿಲ್ (ಅಂಗುಲದ ಸಾವಿರದಲ್ಲೊಂದು ಭಾಗ) ಸಹಜ. ಒಂದೇ ಜಾಗದಲ್ಲಿ 30, 40 ತೋರಿಸಿದರೆ ಅಡಿಯಲ್ಲಿ ಪುಟ್ಟಿ ಇದೆ.

ನಟ್ಟು ಬೋಲ್ಟಿನ ಬಗ್ಗೆ ಗಿರಾಕಿಗಳು ಸಾಮಾನ್ಯವಾಗಿ ಕೇಳುವುದೇ ಇಲ್ಲ, ಕೇಳಬೇಕು. ಮೂಲ ಬೋಲ್ಟುಗಳ ತಲೆಯ ಮೇಲೆ ತಯಾರಕರ ಗುರುತು ಇರುತ್ತದೆ. ಕೆಲವಕ್ಕೆ ಕಪ್ಪು ಫಾಸ್ಫೇಟ್, ಕೆಲವಕ್ಕೆ ಕ್ಯಾಡ್ಮಿಯಂ ಲೇಪ. ಹಳೆಯವನ್ನೇ ಶುಚಿಮಾಡಿ ಮತ್ತೆ ಲೇಪ ಕೊಡಿಸುವುದು ಈ ಪದ್ಧತಿಯ ಹೆಮ್ಮೆ, ಅಪಾಯ ಇರುವುದೂ ಅಲ್ಲೇ. ಆ್ಯಸಿಡ್‌ನಲ್ಲಿ ತೊಳೆದು ಲೇಪ ಕೊಡುವಾಗ ಗಟ್ಟಿ ಉಕ್ಕಿನೊಳಕ್ಕೆ ಹೈಡ್ರೋಜನ್ ನುಗ್ಗುತ್ತದೆ. ಲೇಪವಾದ ನಾಲ್ಕು ಗಂಟೆಯೊಳಗೆ ಸುಮಾರು 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಬೇಯಿಸಿ ಅದನ್ನು ಹೊರಹಾಕದಿದ್ದರೆ ಸಸ್ಪೆನ್ಷನ್, ಸ್ಟಿಯರಿಂಗ್‌ನ ಬೋಲ್ಟು ಬಿಗಿದು ನಿಂತ ಜಾಗದಲ್ಲೇ ಒಂದು ದಿನ ಪಟಕ್ಕನೆ ಮುರಿಯುತ್ತದೆ. ‘ಲೇಪ ಆದ ಮೇಲೆ ಬೇಯಿಸುತ್ತೀರಾ, ಎಷ್ಟು ಹೊತ್ತು?’ ಎಂದು ಕೇಳಿ. ತಡವರಿಸಿದರೆ ಆ ಬೋಲ್ಟುಗಳನ್ನಾದರೂ ಹೊಸದು ಹಾಕಿಸಿ. ಫಾಸ್ಫೇಟ್ ಭಾಗಗಳ ಮೇಲೆ ಬೆರಳಿನ ಬೆವರು ಬಿದ್ದರೂ ತುಕ್ಕು ಏಳುತ್ತದೆ, ವರ್ಷಕ್ಕೆರಡು ಬಾರಿ ತೆಳುವಾಗಿ ಎಣ್ಣೆ ಒರೆಸುವ ಕೆಲಸ ಮಾಲೀಕರ ಪಾಲಿಗೆ.

ಎಂಜಿನ್ ಕೆಲಸದಲ್ಲಿ ಹೆಚ್ಚಿನ ವರ್ಕ್‌ಶಾಪುಗಳು ಒಳ್ಳೆಯವೇ. 440ರ ಹೆಡ್ ಬೋಲ್ಟಿಗೆ 70 ಪೌಂಡ್-ಅಡಿ ಬಿಗಿತ, ಮೇನ್ ಕ್ಯಾಪ್‌ಗೆ 85, ಇದೆಲ್ಲ ಅವರಿಗೆ ಬಾಯಿಪಾಠ. ಕೆಡುವುದು ಮೊದಲ ಸ್ಟಾರ್ಟ್‌ನಲ್ಲಿ. ಇದರದು ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್, ವಾಲ್ವ್ ತೆರೆಯುವ ಉಬ್ಬುಗಳು ಚಪ್ಪಟೆ ತಳದ ಟ್ಯಾಪೆಟ್ ಮೇಲೆ ಉಜ್ಜುತ್ತಾ ತಿರುಗುತ್ತವೆ. ಹೊಸ ಕ್ಯಾಮ್ ಹಾಕಿದ ಮೇಲೆ ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500 ಆರ್‌ಪಿಎಂನಲ್ಲಿ 20ರಿಂದ 30 ನಿಮಿಷ ಬಿಡದೆ ಓಡಿಸಬೇಕು, ಐಡಲ್‌ಗೆ ಇಳಿಸಬಾರದು. ಈಗಿನ ಕಾರಿನ ಆಯಿಲ್‌ನಲ್ಲಿ ಸತು ಮತ್ತು ರಂಜಕ ಕಡಿಮೆ, ಅದನ್ನು ಹುಯ್ದರೆ ಕ್ಯಾಮ್‌ನ ಉಬ್ಬುಗಳು ಸವೆದು ಚಪ್ಪಟೆಯಾಗುತ್ತವೆ, ಆ ಲೋಹದ ಪುಡಿ ಬೇರಿಂಗುಗಳನ್ನೂ ತಿನ್ನುತ್ತದೆ. ಸುಮಾರು 1,200 ಪಿಪಿಎಂ ಸತುವಿರುವ ಆಯಿಲ್ಲೇ ಬೇಕು, ಆಮೇಲಿನ ಪ್ರತಿ ಬದಲಾವಣೆಯಲ್ಲೂ ಅದೇ. ಮೂರು ಕಾರ್ಬ್ಯುರೇಟರ್‌ನ 440 ಮತ್ತು ಹೆಮಿಯ ಕಂಪ್ರೆಷನ್ 10ರ ಮೇಲಿದೆ, ಪ್ರೀಮಿಯಂ ಪೆಟ್ರೋಲ್ ಇಲ್ಲದಿದ್ದರೆ ನಾಕಿಂಗ್ ಖಚಿತ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ನಮೂನೆಯ ರಬ್ಬರ್ ಹೋಸನ್ನು ಮೆತ್ತಗೆ ಮಾಡಿ ಸೋರಿಸುತ್ತದೆ. ಹೊರಗೆ ಹಳೆಯ ಅಚ್ಚು, ಒಳಗೆ ಎಥನಾಲ್ ತಾಳುವ ಪದರ ಇರುವ ಹೋಸ್ ಹಾಕಿದ್ದಾರೆಯೇ ವಿಚಾರಿಸಿ.

ಮೂಲದಂತೆಯೇ ಇಡಬೇಕೆಂಬ ಹಟ ಅಪಾಯಕ್ಕೆ ತಿರುಗುವ ಜಾಗ ಒಂದಿದೆ, ವೈರಿಂಗ್. ಈ ಕಾಲದ ಮೋಪಾರ್‌ಗಳಲ್ಲಿ ಆಲ್ಟರ್‌ನೇಟರ್‌ನಿಂದ ಬರುವ ಕರೆಂಟ್ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಮೇಲಿನ ಪ್ಲಾಸ್ಟಿಕ್ ಕನೆಕ್ಟರ್ ದಾಟಿ ಬರುತ್ತದೆ, ಅದರಲ್ಲಿ ಬ್ಯಾಟರಿಗೆ ಹೋಗುವ ಕರೆಂಟ್ ಡ್ಯಾಶ್‌ಬೋರ್ಡಿನ ಆ್ಯಮೀಟರ್ ಮೂಲಕ ಹಾದು ಹೋಗುತ್ತದೆ. ಕನೆಕ್ಟರ್‌ನ ಚಪ್ಪಟೆ ಹಲ್ಲುಗಳು ಸಡಿಲವಾದರೆ, ಹಸಿರು ಕಿಲುಬು ಹಿಡಿದರೆ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ, ಕೊನೆಗೆ ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿ. ಹೊಸ ವೈರ್ ಹಾರ್ನೆಸ್, ಹೊಸ ಹಲ್ಲುಗಳು, ಫ್ಯೂಸಿನಂತೆ ಕರಗುವ ಫ್ಯೂಸಿಬಲ್ ಲಿಂಕ್, ಬಿಗಿಯಾದ ಆ್ಯಮೀಟರ್ ನಟ್ಟು ಇದ್ದರೆ ಮೂಲ ವ್ಯವಸ್ಥೆ ಮೂಲ ಹೊರೆಯನ್ನು ತಾಳುತ್ತದೆ. ಅದಕ್ಕೆ ದೊಡ್ಡ ಆಲ್ಟರ್‌ನೇಟರ್, ಎಲೆಕ್ಟ್ರಿಕ್ ಫ್ಯಾನ್ ಜೋಡಿಸಬೇಡಿ. ಹೆಚ್ಚು ಓಡಿಸುವವರು ಆ್ಯಮೀಟರ್‌ಗೆ ಬೈಪಾಸ್ ಹಾಕಿಸಿಕೊಳ್ಳಲಿ. ಪ್ರದರ್ಶನ ಸ್ಪರ್ಧೆಯಲ್ಲಿ ಒಂದಿಷ್ಟು ಪಾಯಿಂಟ್ ಕಳೆದುಕೊಂಡರೂ ಕಾರು ಉಳಿಯುತ್ತದೆ, ಈ ವಿಷಯದಲ್ಲಿ ನಮಗೆ ಎರಡು ಮಾತಿಲ್ಲ.

ಎಫ್60-15 ಅಳತೆಯ ಗುಡ್‌ಇಯರ್ ಪಾಲಿಗ್ಲಾಸ್ ಟೈರುಗಳು, ಹಳೆಯ ನಮೂನೆಯಲ್ಲಿ ಈಗ ಮತ್ತೆ ತಯಾರಾಗುವಂಥವು, ಪ್ರದರ್ಶನ ಸ್ಪರ್ಧೆಗೆ ಬೇಕು, ರಸ್ತೆಗೆ ಬೇಡ. ರಸ್ತೆಯ ಗೀರಿನ ಹಿಂದೆಯೇ ಸ್ಟಿಯರಿಂಗ್ ಎಳೆಯುತ್ತವೆ. ಇನ್ನೊಂದು ಜೊತೆ ಚಕ್ರಕ್ಕೆ ರೇಡಿಯಲ್ ಹಾಕಿಸಿಟ್ಟುಕೊಳ್ಳಿ.

ಬೆಲೆಗೆ ಬಂದರೆ, ಈ ಮಟ್ಟದ ಕೆಲಸ 1,500 ಗಂಟೆ ದಾಟುವುದು ಮಾಮೂಲು. ಗಂಟೆಗೆ 100 ಡಾಲರ್ ಹಿಡಿದರೂ ಕೂಲಿಯೇ ಒಂದೂವರೆ ಲಕ್ಷ ಡಾಲರ್. ಬಿಡಿಭಾಗ, ಲೇಪ, ಸೀಟಿನ ಹೊದಿಕೆ, ಕ್ರೋಮ್ ಇವೆಲ್ಲ ಬೇರೆ. ಎರಡು ಮೂರು ವರ್ಷ ಕಾಯಬೇಕು. ಒಟ್ಟು ಇಷ್ಟು ಎಂದು ಮೊದಲೇ ಅಂಕಿ ಹೇಳಿಬಿಡುವ ವರ್ಕ್‌ಶಾಪಿಗಿಂತ, ಬಣ್ಣ ಕೆರೆದು ತಗಡು ನೋಡಿದ ಮೇಲೆ ಹೇಳುತ್ತೇನೆ ಎನ್ನುವವರನ್ನು ನಂಬಿ. ತಿಂಗಳಿಗೊಮ್ಮೆ ಗಂಟೆಗಳ ಲೆಕ್ಕ, ಫೋಟೊ ಸಮೇತ ಬಿಲ್ಲು ಎಂದು ಕರಾರಿನಲ್ಲೇ ಬರೆಸಿ. ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿ ವಾಹನ ಉದ್ಯಮದಲ್ಲೇ ಇರುವ ಕನ್ನಡಿಗರಲ್ಲಿ ಇಂಥ ಕಾರಿನ ಆಸೆ ಇರುವವರು ಮುಂಗಡ ಕೊಡುವ ಮೊದಲು ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ನಡೆಯುವ ಕ್ರೈಸ್ಲರ್ ಮೇಳಕ್ಕೋ ನವೆಂಬರ್‌ನಲ್ಲಿ ಷಿಕಾಗೊ ಪಕ್ಕದ ರೋಸ್‌ಮಾಂಟ್‌ನ ಮಸಲ್ ಕಾರ್ ಆ್ಯಂಡ್ ಕಾರ್ವೆಟ್ ನ್ಯಾಷನಲ್ಸ್‌ಗೋ ಹೋಗಿಬನ್ನಿ. ಕೈಯಲ್ಲೊಂದು ಟಾರ್ಚ್ ಇರಲಿ. ಮಾಲೀಕರನ್ನು ಕೇಳಿ ಬಗ್ಗಿ ಅಡಿಭಾಗ ನೋಡಿ, ರಿಸ್ಟೋರ್ ಆಗದೆ ಉಳಿದ ಮೂಲ ಕಾರು ಸಿಕ್ಕರೆ ಅದನ್ನು ಮೊದಲು ನೋಡಿ.

ಕಾರು ವಾಪಸು ಪಡೆಯುವ ದಿನ ಬಿಚ್ಚಿ ತೆಗೆದ ಹಳೆಯ ಭಾಗಗಳನ್ನೂ ಕೇಳಿ ಪಡೆಯಿರಿ. ಕತ್ತರಿಸಿದ ತಗಡು, ಸವೆದ ಹೋಸ್ ಕ್ಲಿಪ್ಪು, ಒಡೆದ ದೀಪದ ಗಾಜು, ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಎಲ್ಲವೂ ಇರಬೇಕು. ಮೂಲ ದಿನಾಂಕದ ಅಚ್ಚಿರುವ ಭಾಗಗಳನ್ನು ಸದ್ದಿಲ್ಲದೆ ತೆಗೆದಿಟ್ಟುಕೊಂಡು ಹೊಸದು ಹಾಕಿ ಕಳಿಸುವವರು ಈ ವ್ಯಾಪಾರದಲ್ಲಿ ಇದ್ದಾರೆ. ಕಾರ್ಬ್ಯುರೇಟರ್‌ಗಳ ಮೇಲಿನ ಸಂಖ್ಯೆ, ಆಲ್ಟರ್‌ನೇಟರ್, ಡಿಸ್ಟ್ರಿಬ್ಯೂಟರ್, ಗಾಜುಗಳ ಮೇಲಿನ ದಿನಾಂಕದ ಕೋಡ್ ಇವನ್ನು ಕಾರು ಒಪ್ಪಿಸುವ ದಿನವೇ ಬರೆದು ಇಬ್ಬರೂ ಸಹಿ ಹಾಕಿಟ್ಟುಕೊಂಡಿದ್ದರೆ, ಈಗ ಆ ಪಟ್ಟಿ ಹಿಡಿದು ಒಂದೊಂದಾಗಿ ತಾಳೆ ನೋಡಿ. ಕೊನೆಯ ಕಂತನ್ನು ಅದು ಮುಗಿದ ಮೇಲೆ ಕೊಡಿ.